ಅಂಗಡಿ ಮೂಲೆಯ ದೋಸೆ ಕೌಂಟರ್ ಪರವಾಗಿ ಎರಡು ಮಾತು

ಇಲ್ಲಿ ಅಮೆರಿಕದಲ್ಲಿ ಇಂಡಿಯನ್ ಸೂಪರ್‌ಮಾರ್ಕೆಟ್‌ಗಳ ಒಳಗೆ ಸಣ್ಣ ಕೆಫೆ ಇರುತ್ತದಲ್ಲ, ಅದನ್ನು ಕಂಡರೆ ನಮ್ಮ ಜನರೇ ಮೂಗು ಮುರಿಯುತ್ತಾರೆ. "ಅಕ್ಕಿ ಮೂಟೆ ಪಕ್ಕ ಕೂತು ಯಾರ್ರೀ ತಿಂತಾರೆ" ಅನ್ನುತ್ತಾರೆ. ಪೇಪರ್ ತಟ್ಟೆ ಅಂತ ಒಬ್ಬರ ದೂರು. ನೀರೂ ನಾವೇ ತಂದುಕೊಳ್ಳಬೇಕು ಅಂತ ಇನ್ನೊಬ್ಬರ ದೂರು. ಒಂದು ಸ್ಟಾರ್ ಕೊಟ್ಟು ಉದ್ದುದ್ದ ರಿವ್ಯೂ ಬರೆದವರೂ ಇದ್ದಾರೆ. ಓದಿದರೆ ನಿಜವಾಗಿ ಬೇಜಾರಾಗುತ್ತದೆ.

ನಾನು ಇರುವುದು ನ್ಯೂಜೆರ್ಸಿಯಲ್ಲಿ, ಎಡಿಸನ್ ಹತ್ತಿರ. ಓಕ್ ಟ್ರೀ ರೋಡ್ ಉದ್ದಕ್ಕೂ ಒಳ್ಳೊಳ್ಳೆಯ ಹೋಟೆಲ್‌ಗಳಿವೆ. ಅವುಗಳ ಮೇಲೆ ನನ್ನ ತಕರಾರೇನೂ ಇಲ್ಲ. ಹುಟ್ಟುಹಬ್ಬಕ್ಕೆ, ನೆಂಟರು ಬಂದಾಗ ಅಲ್ಲಿಗೇ ಹೋಗುತ್ತೇವೆ. ಆದರೆ ವಾರದ ಸಾಮಾನು ತರಲು ಹೋದಾಗ ಅಂಗಡಿ ಮೂಲೆಯಲ್ಲಿ ಸಿಗುವ ಬಿಸಿ ದೋಸೆ, ಎರಡು ಸಮೋಸ, ಒಂದು ಲೋಟ ಚಹಾ ಇದೆಯಲ್ಲ, ಅದರಷ್ಟು ಕೈಗೆಟುಕುವ ಸುಖ ಈ ಊರಿನಲ್ಲಿ ಇನ್ನೊಂದಿಲ್ಲ.

ಮೊದಲು ಲೆಕ್ಕ ನೋಡಿ. ನಮ್ಮ ಕಡೆ ಕೂತು ತಿನ್ನುವ ಹೋಟೆಲ್‌ನಲ್ಲಿ ಮಸಾಲೆ ದೋಸೆಗೆ ಈಗ ಸುಮಾರು 14 ಡಾಲರ್. ಅದಕ್ಕೆ ನ್ಯೂಜೆರ್ಸಿಯ ಮಾರಾಟ ತೆರಿಗೆ 6.625% ಸೇರಿಸಿ. ಟಿಪ್ಸ್ 20% ಅಂದುಕೊಳ್ಳಿ. ಹದಿನೇಳೂ ಮುಕ್ಕಾಲು ಡಾಲರ್ ಆಯ್ತು. ನಾಲ್ಕು ಜನ ಹೋಗಿ ತಲೆಗೊಂದು ದೋಸೆ ತಿಂದರೆ 70 ಡಾಲರ್ ದಾಟುತ್ತದೆ. ಇನ್ನೂ ಯಾರೂ ಕಾಫಿ ಕುಡಿದಿಲ್ಲ. ಅಂಗಡಿಯ ಕೆಫೆಯಲ್ಲಿ ಅದೇ ದೋಸೆ 8 ಡಾಲರ್ ಆಸುಪಾಸು. ತೆರಿಗೆ ಸೇರಿ ಎಂಟೂವರೆ. ನಾಲ್ಕು ಜನಕ್ಕೆ 34 ಡಾಲರ್. ಅರ್ಧಕ್ಕಿಂತ ಕಡಿಮೆ.

(ತೆರಿಗೆ ಮಾತು ಬಂತು, ಒಂದು ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಉದ್ದಿನಬೇಳೆಗೆ ಮಾರಾಟ ತೆರಿಗೆ ಇಲ್ಲ. ಅದೇ ಬೇಳೆ ವಡೆಯಾಗಿ ಬಿಸಿಬಿಸಿ ಕೈಗೆ ಬಂದರೆ 6.625%. ಎರಡೂ ಒಂದೇ ಅಂಗಡಿಯಲ್ಲಿ ಸಿಗುವುದರಿಂದ ಬಿಲ್ ನೋಡಿದವರಿಗೆ ಇದು ಕಣ್ಣಿಗೆ ಹೊಡೆಯುತ್ತದೆ.)

ಹೋಟೆಲ್‌ಗೂ ಕೆಫೆಗೂ ಇರುವ ಆ 36 ಡಾಲರ್‌ಗೂ ಹೆಚ್ಚಿನ ವ್ಯತ್ಯಾಸ ಎಲ್ಲರಿಗೂ ಒಂದೇ ಅಲ್ಲ. ಒಳ್ಳೆ ಸಂಬಳ ಬರುವ ಐಟಿ ಮನೆಗೆ ಅದು ಗೊತ್ತೂ ಆಗುವುದಿಲ್ಲ. ಓದಲು ಬಂದ ಹುಡುಗರಿಗೆ ಅದು ಒಂದು ವಾರದ ತರಕಾರಿ. ಊಬರ್ ಓಡಿಸುವವರಿಗೆ, ಪೆಟ್ರೋಲ್ ಬಂಕ್‌ನಲ್ಲಿ ರಾತ್ರಿ ಪಾಳಿ ಮಾಡುವವರಿಗೆ, ಗೋಡೌನ್‌ನಲ್ಲಿ ಡಬ್ಬ ಹೊರುವವರಿಗೆ ಗಂಟೆಗಟ್ಟಲೆ ದುಡಿಮೆ. ಇವರೂ ನಮ್ಮವರೇ. ಇವರಿಗೂ ವಾರಕ್ಕೊಮ್ಮೆಯಾದರೂ ಬೇರೆಯವರು ಮಾಡಿಕೊಟ್ಟ ಬಿಸಿ ಊಟ ಬೇಕು. ಅದು ಸಿಗುವುದು ಈ ಕೌಂಟರ್‌ನಲ್ಲಿ.

ಹಾಗಾದರೆ ಕೆಫೆಯವರಿಗೆ ಈ ಬೆಲೆ ಹೇಗೆ ಗಿಟ್ಟುತ್ತದೆ? ಕಡಿಮೆ ಬೆಲೆ ಅಂದರೆ ಕಳಪೆ ಸಾಮಾನು ಅಂತ ತಿಳಿದವರು ಜಾಸ್ತಿ. ಒಂದು ಸಲ ನಿಂತು ನೋಡಿ. ಬಾಡಿಗೆ ಅಂಗಡಿಯದ್ದು, ಕೆಫೆ ಅದರಲ್ಲಿ ಒಂದು ಮೂಲೆ. ಅಕ್ಕಿ, ಬೇಳೆ, ಎಣ್ಣೆ, ಮಸಾಲೆ ಎಲ್ಲ ಅಂಗಡಿಗೆ ಸಗಟಾಗಿ ಬಂದದ್ದೇ. ಇವತ್ತು ಹಣ್ಣಾಗಿ ಮೆತ್ತಗಾದ ಟೊಮೆಟೊವನ್ನು ಗಿರಾಕಿ ಆರಿಸುವುದಿಲ್ಲ, ಆದರೆ ಪಾವ್ ಭಾಜಿಗೆ ಅದೇ ಒಳ್ಳೆಯದು. ಬಡಿಸುವವರಿಲ್ಲ, ಮೇಜಿನ ಹತ್ತಿರ ಬಂದು ಆರ್ಡರ್ ತಗೊಳ್ಳುವವರಿಲ್ಲ. ದುಡ್ಡು ಕೊಡಿ, ನಂಬರ್ ತಗೊಳ್ಳಿ, ಕರೆದಾಗ ಹೋಗಿ ಎತ್ತಿಕೊಳ್ಳಿ. ಇನ್ನೂ ದೊಡ್ಡ ಕಾರಣ ಎಂದರೆ, ದೋಸೆ ತಿನ್ನಲು ಬಂದವರು ಕೊತ್ತಂಬರಿ ಸೊಪ್ಪು, ಮೊಸರು, ಇಪ್ಪತ್ತು ಪೌಂಡ್ ಸೋನಾ ಮಸೂರಿ ತಗೊಂಡೇ ಹೋಗುತ್ತಾರೆ. ದೋಸೆಯಲ್ಲಿ ಲಾಭ ಕಡಿಮೆಯಾದರೂ ಅಂಗಡಿಗೆ ನಷ್ಟವಿಲ್ಲ.

ಇದು ಹೊಸ ಉಪಾಯವೂ ಅಲ್ಲ. ಕಾಸ್ಟ್‌ಕೋ ಅನ್ನುವ ಇಲ್ಲಿನ ದೊಡ್ಡ ಸಗಟು ಅಂಗಡಿಯಲ್ಲಿ ಹಾಟ್ ಡಾಗ್ ಮತ್ತು ಸೋಡಾ ಸೇರಿ 1.50 ಡಾಲರ್. 1985ರಿಂದ ಆ ಬೆಲೆ ಏರಿಲ್ಲ. ಬೆಂಗಳೂರಿನವರಿಗೆ ನಾಗಸಂದ್ರದ ಐಕಿಯಾ ಗೊತ್ತಿರುತ್ತದೆ. 2022ರಲ್ಲಿ ಶುರುವಾಯ್ತು. ಸೋಫಾ ನೋಡಲು ಹೋದವರು ಅಲ್ಲೇ ಊಟ ಮುಗಿಸಿ ಬರುತ್ತಾರೆ. ಅಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವಾಗ ಯಾರಿಗೂ ಮರ್ಯಾದೆ ಹೋಗುವುದಿಲ್ಲ. ನಮ್ಮದೇ ಅಂಗಡಿಯ ಸಾಲಿನಲ್ಲಿ ನಿಲ್ಲಲು ಯಾಕೆ ಸಂಕೋಚ?

ಹೋಟೆಲ್ ಒಂದೇ ತನ್ನ ಕಾಲ ಮೇಲೆ ನಿಂತು ಅಗ್ಗದ ಊಟ ಕೊಡುವುದು ಎಷ್ಟು ಕಷ್ಟ ಅನ್ನುವುದಕ್ಕೆ ಎಂಟಿಆರ್ ಕಥೆಯೇ ಸಾಕು. 1924ರಿಂದ ನಡೆದು ಬಂದ ಹೆಸರು ಅದು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಗಳ ಬೆಲೆ ಇಳಿಸಬೇಕು ಅಂದಿತು. ಗುಣಮಟ್ಟ ಬಿಡಲು ಅವರು ಒಪ್ಪಲಿಲ್ಲ. ನಷ್ಟದಲ್ಲಿ ನಡೆಸಿ ಕೊನೆಗೆ ಹೋಟೆಲ್ ಮುಚ್ಚಬೇಕಾಯ್ತು. ಆ ಹೊತ್ತಿನಲ್ಲಿ ಕೈ ಹಿಡಿದದ್ದು ಪುಡಿ, ರೆಡಿ ಮಿಕ್ಸ್ ಪ್ಯಾಕೆಟ್‌ಗಳು. ಹೋಟೆಲ್ ಮತ್ತೆ ತೆರೆದದ್ದು ಆಮೇಲೆ. ಆ ರವೆ ಇಡ್ಲಿ ಪ್ಯಾಕೆಟ್ ಇವತ್ತು ಎಡಿಸನ್‌ನ ಶೆಲ್ಫ್ ಮೇಲೆ ಕೂತಿದೆ. ಹತ್ತು ಹೆಜ್ಜೆ ಆಚೆ ದೋಸೆ ಕೌಂಟರ್ ಇದೆ. ಅಡುಗೆಮನೆಗೆ ಅಂಗಡಿ ಆಸರೆ ಆಗುವುದು ಅಲ್ಲೂ ನಡೆಯಿತು, ಇಲ್ಲೂ ನಡೆಯುತ್ತಿದೆ.

ಬಡಿಸುವವರಿಲ್ಲದೆ ತಿನ್ನುವುದು ಕೀಳು ಅಂತ ಕನ್ನಡಿಗರು ಹೇಳಿದರೆ ನನಗೆ ಇನ್ನೂ ಆಶ್ಚರ್ಯ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ನಾವೆಲ್ಲ ನಿಂತುಕೊಂಡೇ ತಿಂಡಿ ತಿಂದು ಬೆಳೆದವರು. ಚೀಟಿ ತಗೊಂಡು, ಕೌಂಟರ್‌ನಲ್ಲಿ ಕೊಟ್ಟು, ಕಣ್ಣೆದುರು ಬೇಯುವ ದೋಸೆ ನೋಡಿ, ಎತ್ತರದ ಸ್ಟೀಲ್ ಟೇಬಲ್ ಹತ್ತಿರ ನಿಂತು ಮುಗಿಸಿ ಹೊರಟವರು. ಆಟೋ ಓಡಿಸುವವರೂ ಬ್ಯಾಂಕ್ ಮ್ಯಾನೇಜರ್ ಕೂಡ ಒಂದೇ ಟೇಬಲ್‌ಗೆ ಮೊಣಕೈ ಊರಿದರು. ದರ್ಶಿನಿ ಕೊಟ್ಟ ಅನುಕೂಲವನ್ನು ಇಲ್ಲಿ ಈ ಕೆಫೆ ಕೊಡುತ್ತಿದೆ. ಕೂರಲು ಕುರ್ಚಿ ಬೇರೆ ಇದೆ.

ನಾನು ಹೋಗುವ ಕಡೆ ತವಾ ಹತ್ತಿರ ಒಬ್ಬರು ಅಕ್ಕ ಇರುತ್ತಾರೆ. ಅವರ ಕೆಲಸ ನೋಡುವುದೇ ಒಂದು ಖುಷಿ. ಮೊದಲು ತವಾ ಮೇಲೆ ನೀರು ಚಿಮುಕಿಸುತ್ತಾರೆ. ಚುಂಯ್ ಅಂತ ಹನಿಗಳು ಓಡಾಡಿ ಆರುತ್ತವೆ. ಬಟ್ಟೆಯಲ್ಲಿ ಒಂದು ಸಲ ಒರೆಸಿ, ಹಿಟ್ಟು ಹುಯ್ದು, ಬಟ್ಟಲಿನ ತಳದಿಂದ ನಡುವಿನಿಂದ ಅಂಚಿಗೆ ಸುತ್ತುತ್ತಾ ಹೋಗುತ್ತಾರೆ. ಕೈ ಎತ್ತುವುದಿಲ್ಲ. ಅಂಚು ಕೆಂಪಾಗುತ್ತಿದ್ದ ಹಾಗೆ ಎಣ್ಣೆ, ಆಮೇಲೆ ಪಲ್ಯ. ಶನಿವಾರ ಮಧ್ಯಾಹ್ನ ಸಾಲು ಫ್ರೀಜರ್ ತನಕ ಹೋದರೂ ಅವರು ಅವಸರ ಮಾಡುವುದಿಲ್ಲ, ತವಾ ಕಾಯುವ ಮುಂಚೆ ಹಿಟ್ಟು ಹುಯ್ಯುವುದಿಲ್ಲ. ಸಾಂಬಾರು ನಮ್ಮ ಬೆಂಗಳೂರಿನ ಸಾಂಬಾರಲ್ಲ, ಒಪ್ಪುತ್ತೇನೆ. ಬೆಲ್ಲ ಸ್ವಲ್ಪ ಜಾಸ್ತಿಯೇ, ಬೇಳೆ ಸ್ವಲ್ಪ ತೆಳ್ಳಗೆ. ಆದರೆ ದೋಸೆ ಗರಿಗರಿ, ಚಟ್ನಿ ಅವತ್ತು ರುಬ್ಬಿದ್ದು. ಎಂಟು ಡಾಲರ್‌ಗೆ ನನಗೆ ಇಷ್ಟು ಸಾಕು, ಜಾಸ್ತಿಯೂ ಹೌದು.

ಅಪ್ಪ ಅಮ್ಮಂದಿರ ವಿಷಯ ಹೇಳದೆ ಇರಲಾರೆ. ವಿಸಿಟರ್ ವೀಸಾದಲ್ಲಿ ಬರುವ ಹಿರಿಯರಿಗೆ ಸಾಮಾನ್ಯವಾಗಿ ಆರು ತಿಂಗಳ ತನಕ ಇರಲು ಬಿಡುತ್ತಾರೆ. ಹೆಚ್ಚಿನವರು ಇಲ್ಲಿ ಕಾರು ಓಡಿಸುವುದಿಲ್ಲ, ನಡೆದು ಹೋಗಲು ಎಲ್ಲೂ ಏನೂ ಇಲ್ಲ. ದೊಡ್ಡ ಹೋಟೆಲ್‌ಗೆ ಕರೆದುಕೊಂಡು ಹೋದರೆ ಮೆನು ಕಾರ್ಡ್‌ನ ಬಲಗಡೆ ಮಾತ್ರ ನೋಡುತ್ತಾರೆ. ಮನಸ್ಸಿನಲ್ಲೇ ರೂಪಾಯಿಗೆ ಬದಲಾಯಿಸಿ "ನನಗೆ ಹಸಿವಿಲ್ಲ ಕಣೋ" ಅನ್ನುತ್ತಾರೆ. ಅದೇ ನಮ್ಮ ಅತ್ತೆ ಅಂಗಡಿಯ ಕೆಫೆಗೆ ಬಂದಾಗ ಬೇರೆಯೇ ಆಗಿಬಿಡುತ್ತಾರೆ. ತಾವೇ ಕೌಂಟರ್‌ಗೆ ಹೋಗುತ್ತಾರೆ. ಗೋಡೆ ಮೇಲಿನ ಫೋಟೊ ತೋರಿಸಿ, ಹರಕು ಮುರುಕು ಹಿಂದಿಯಲ್ಲಿ "ಖಾರ ಕಮ್ಮಿ" ಅಂತ ಹೇಳಿ, ಐದು ಡಾಲರ್ ನೋಟು ಕೊಟ್ಟು ಚಿಲ್ಲರೆ ಎಣಿಸಿಕೊಂಡು ಬರುತ್ತಾರೆ. ಪಕ್ಕದ ಮೇಜಿನ ಗುಜರಾತಿ ಅಜ್ಜಿ ಜೊತೆ ಮೊಮ್ಮಕ್ಕಳ ಮಾತು ಶುರುವಾಗುತ್ತದೆ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ, ಮಾತು ಮಾತ್ರ ನಿಲ್ಲುವುದಿಲ್ಲ. ನಾವು ಆರಾಮಾಗಿ ಸಾಮಾನು ತಗೊಂಡು ಬರುತ್ತೇವೆ. ಚಹಾ ಲೋಟ ಖಾಲಿಯಾಯ್ತು, ಎದ್ದೇಳಿ ಅಂತ ಬಿಲ್ ತಂದಿಡುವವರು ಅಲ್ಲಿ ಯಾರೂ ಇಲ್ಲ.

1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾದ ಮೇಲೆ ನಮ್ಮ ಕಡೆಯವರು ಹೆಚ್ಚು ಹೆಚ್ಚು ಬರತೊಡಗಿದರು. ಇಂಡಿಯನ್ ದಿನಸಿ ಮಾರುವ ಪಟೇಲ್ ಬ್ರದರ್ಸ್ ತಮ್ಮ ಮೊದಲ ಅಂಗಡಿ ತೆರೆದದ್ದು 1974ರಲ್ಲಿ, ಶಿಕಾಗೋದ ಡೆವನ್ ಅವೆನ್ಯೂದಲ್ಲಿ. ಆಗ ಜನಕ್ಕೆ ಬೇಕಾಗಿದ್ದದ್ದು ಬೇಳೆ, ಹಿಟ್ಟು, ಮಸಾಲೆ. ಈಗ ಅದರ ಜೊತೆ ಕೂರಲು ಜಾಗವೂ ಬೇಕು. ಒಂದೇ ಮೇಜಿನ ಸುತ್ತ ತೆಲುಗರು, ಪಂಜಾಬಿಗಳು, ನೇಪಾಳದವರು, ಬಾಂಗ್ಲಾದೇಶದವರು ಕೂತಿರುತ್ತಾರೆ. ನಾವು ಪಾನಿಪುರಿ ಅಂದದ್ದಕ್ಕೆ ಪಕ್ಕದವರು ಢಾಕಾದ ಫುಚ್ಕಾ ನೆನೆಸಿಕೊಳ್ಳುತ್ತಾರೆ. ನ್ಯೂಯಾರ್ಕ್‌ನ ಜಾಕ್ಸನ್ ಹೈಟ್ಸ್ ಕಡೆ ಹೋದರೆ ಮೋಮೋ, ಹಲೀಮ್, ಫುಚ್ಕಾ ಎಲ್ಲವೂ ನಾಲ್ಕು ರಸ್ತೆಗಳೊಳಗೆ ಸಿಗುತ್ತವೆ. ಊರಿನಲ್ಲಿ ಗಡಿಯ ಆಚೆ ಈಚೆ ಇದ್ದವರು ಇಲ್ಲಿ ಒಂದೇ ಉಪ್ಪಿನಕಾಯಿ ಶೆಲ್ಫ್ ಮುಂದೆ ನಿಂತಿರುತ್ತಾರೆ.

ತಪ್ಪು ಇದ್ದರೆ ಕೇಳಬಾರದು ಅಂತ ನಾನು ಹೇಳುತ್ತಿಲ್ಲ. ಖಂಡಿತ ಕೇಳಿ. ಆದರೆ ಕೇಳಬೇಕಾದ್ದನ್ನು ಕೇಳಿ. ನ್ಯೂಜೆರ್ಸಿಯಲ್ಲಿ ಊಟ ಮಾರುವ ಪ್ರತಿ ಜಾಗದಲ್ಲೂ ಆರೋಗ್ಯ ತಪಾಸಣೆಯ ಫಲಿತಾಂಶದ ಕಾರ್ಡ್ ಕಾಣುವ ಹಾಗೆ ಹಾಕಿರಬೇಕು. ಬಾಗಿಲ ಹತ್ತಿರ ಅದನ್ನು ನೋಡಿ. ತೃಪ್ತಿಕರ ಅಂತ ಇಲ್ಲದಿದ್ದರೆ ಮ್ಯಾನೇಜರ್ ಕರೆದು ಕೇಳಿ. ಪೇಪರ್ ತಟ್ಟೆಗೆ ಮುಖ ಸಿಂಡರಿಸಬೇಡಿ, 2022ರ ಮೇ ತಿಂಗಳಿಂದ ಇಲ್ಲಿ ಥರ್ಮಾಕೋಲ್ ತಟ್ಟೆ ನಿಷೇಧವಾಗಿದೆ, ಅದು ಒಳ್ಳೆಯದೇ ಆಯ್ತು.

ಎಲ್ಲಕ್ಕಿಂತ ಮುಖ್ಯವಾಗಿ ಕೆಲಸದವರ ಬಗ್ಗೆ ಕೇಳಿ. 2025ರಲ್ಲಿ ಇಲ್ಲಿ ಬಹುಪಾಲು ಕೆಲಸಗಾರರ ಕನಿಷ್ಠ ಕೂಲಿ ಗಂಟೆಗೆ 15.49 ಡಾಲರ್ ಇತ್ತು. ಟಿಪ್ಸ್ ಸಿಗುವ ಕೆಲಸವಾದರೆ ಮಾಲೀಕರು ಕೈಯಿಂದ ಆಗ 5.62 ಡಾಲರ್ ಕೊಟ್ಟರೂ ಸಾಕಿತ್ತು, ಉಳಿದದ್ದು ಟಿಪ್ಸ್‌ನಿಂದ ತುಂಬಬಹುದು. ತುಂಬದಿದ್ದರೆ ಮಾಲೀಕರೇ ಸೇರಿಸಿಕೊಡಬೇಕು. ಟಿಪ್ಸ್ ಇಲ್ಲದ ಕೌಂಟರ್‌ನಲ್ಲಿ ಪೂರ್ತಿ ಕೂಲಿ ಮಾಲೀಕರ ಜೇಬಿನಿಂದಲೇ ಬರಬೇಕು. ಬೆಲೆ ಕಡಿಮೆಯಾಗುವುದು ಬಾಡಿಗೆಯಿಂದ, ಸಗಟು ಖರೀದಿಯಿಂದ ಆಗಲಿ. ತವಾ ಹತ್ತಿರ ಹತ್ತು ಗಂಟೆ ನಿಂತ ಅಕ್ಕನ ಕೂಲಿ ಕತ್ತರಿಸಿ ಅಗ್ಗ ಮಾಡಿದ ದೋಸೆ ನನಗೆ ಬೇಡ. ಕೌಂಟರ್ ಮೇಲೆ ಡಬ್ಬ ಇದ್ದರೆ ನಾನು ಒಂದೆರಡು ಡಾಲರ್ ಹಾಕುತ್ತೇನೆ. ಹಾಕಿದ ಮೇಲೂ ಹೋಟೆಲ್‌ಗಿಂತ ಎಷ್ಟೋ ಕಡಿಮೆ ಆಗಿರುತ್ತದೆ. ನೀವೂ ಹಾಕಿ. ತಿಂದ ಮೇಜನ್ನು ಒರೆಸಿ ಎದ್ದೇಳಿ, ಅದನ್ನು ಒರೆಸಲೂ ಅದೇ ಅಕ್ಕ ಬರಬೇಕು.

ಇನ್ನೊಂದು ಮಾತು, ಎಡಿಸನ್, ಐಸ್ಲಿನ್, ಪ್ಲೇನ್ಸ್‌ಬರೋ ಕಡೆ ಇರುವ ಕನ್ನಡದವರಿಗೆ. ಈ ಕೆಫೆಗಳಲ್ಲಿ ಪಾವ್ ಭಾಜಿ, ಛೋಲೆ ಭಟೂರೆ, ದಾಬೇಲಿ ಎಲ್ಲ ಇವೆ. ನಮ್ಮ ಅಕ್ಕಿ ರೊಟ್ಟಿ ಇಲ್ಲ, ಚೌಚೌ ಬಾತ್ ಇಲ್ಲ, ಬಿಸಿಬೇಳೆ ಬಾತ್ ಇಲ್ಲ. ಕೇಳುವವರೇ ಇಲ್ಲದಿದ್ದರೆ ಅವರು ಯಾಕೆ ಮಾಡುತ್ತಾರೆ? ನಾನು ನಮ್ಮ ಅಂಗಡಿಯ ಮ್ಯಾನೇಜರ್‌ಗೆ ಹೇಳಿದ್ದೇನೆ. "ಹತ್ತು ಜನ ಕೇಳಿದರೆ ಭಾನುವಾರ ಬೆಳಗ್ಗೆ ಇಡ್ತೀನಿ" ಅಂದಿದ್ದಾರೆ. ಮುಂದಿನ ಸಲ ಸಾಮಾನಿಗೆ ಹೋದಾಗ ನಿಮ್ಮ ನಿಮ್ಮ ಅಂಗಡಿಯ ಕೌಂಟರ್ ಹತ್ತಿರ ನಿಂತು ಬಿಸಿಬೇಳೆ ಬಾತ್ ಕೇಳಿ. ಮೇಲೆ ಬೂಂದಿ ಬೇಕು ಅಂತಲೂ ಹೇಳಿ.