ಪಿತಾಮಹ ಯಾರು? ಆಯ್ಕೆ ಬಿ

ಹುಬ್ಬಳ್ಳಿಯಲ್ಲಿ 1947ರಿಂದಲೇ ಇಂಜಿನಿಯರಿಂಗ್ ಕಾಲೇಜಿದೆ. 2016ರಲ್ಲಿ ಧಾರವಾಡಕ್ಕೆ ಐಐಟಿಯೂ ಬಂದಿತು. ಪುಸ್ತಕದಂಗಡಿಯವರು ಇನ್ನೆರಡು ಕಪಾಟು ಮಾಡಿಸಬೇಕಾದೀತು ಎಂದು ಆಗ ನಾನು ಬಡಗಿಗಳ ಪರವಾಗಿ ಸಂತೋಷಪಟ್ಟಿದ್ದೆ.

ಮೊನ್ನೆ ಡೇಟಾಬೇಸ್ ಬಗ್ಗೆ ಒಂದು ಪುಸ್ತಕ ಬೇಕಾಗಿ ಧಾರವಾಡದ ಸುಭಾಸ ರಸ್ತೆಗೆ ಹೋದೆ.

"ಕಂಪ್ಯೂಟರ್ ಪುಸ್ತಕಗಳು ಎಲ್ಲಿವೆ ಮಾಲಕರೇ?"

"ಅಲ್ಲೇ ಇವೆಯಲ್ಲ ಸರ್."

ಅವರ ಬೆರಳು ಹೋದ ಕಡೆ ಪಿಡಿಒ, ಪಿಎಸ್‌ಐ, ಎಫ್‌ಡಿಎ ನೌಕರಿ ಪರೀಕ್ಷೆಗಳ ಗೈಡುಗಳು ಎದೆಮಟ್ಟ ಪೇರಿಸಿದ್ದವು. ಒಂದನ್ನು ತೆರೆದೆ. ಸುಳ್ಳಲ್ಲ, ಕೊನೆಯ ಹನ್ನೆರಡು ಪುಟ ಕಂಪ್ಯೂಟರೇ. ಕಂಪ್ಯೂಟರಿನ ಪಿತಾಮಹ ಯಾರು? ಚಾರ್ಲ್ಸ್ ಬ್ಯಾಬೇಜ್, ಆಯ್ಕೆ ಬಿ. ಕಂಟ್ರೋಲ್ ಝಡ್ ಒತ್ತಿದರೆ ಏನಾಗುತ್ತದೆ? ಮಾಡಿದ್ದು ರದ್ದಾಗುತ್ತದೆ, ಆಯ್ಕೆ ಡಿ. ಪಕ್ಕದಲ್ಲಿ ಅದೇ ಗೈಡಿಗೆ ಹಣ ಎಣಿಸುತ್ತಿದ್ದ ಹುಡುಗ ಹಾವೇರಿ ಕಡೆಯವನು. ಕಂಪ್ಯೂಟರ್ ಸೈನ್ಸಿನಲ್ಲಿ ಬಿಇ ಮುಗಿಸಿ, ಸಪ್ತಾಪುರದಲ್ಲಿ ಕೋಣೆ ಹಿಡಿದು ಕೋಚಿಂಗಿಗೆ ಹೋಗುತ್ತಿದ್ದಾನಂತೆ. ಅಂದರೆ ನಾಲ್ಕು ವರ್ಷಗಳಿಗೆ ಕಂಟ್ರೋಲ್ ಝಡ್ ಒತ್ತಲು ಬಂದವನು.

"ಬಿಇಯಲ್ಲಿ ಯಾವ ಪುಸ್ತಕ ಓದಿದೆಯಪ್ಪಾ?"

"ಪುಸ್ತಕ ಯಾಕೆ ಸರ್? ಝೆರಾಕ್ಸ್ ಅಂಗಡಿಯಲ್ಲಿ ನೋಟ್ಸ್ ಸಿಗುತ್ತಿತ್ತು."

ನಮ್ಮ ಭಾಗದ ದೊಡ್ಡ ತಾಂತ್ರಿಕ ಪ್ರಕಾಶಕರು ಈ ಝೆರಾಕ್ಸ್ ಅಂಗಡಿಯವರೇ. ಯಾವ ಕಾಲದ ಯಾವ ಜಾಣೆ ಬರೆದಿಟ್ಟ ನೋಟ್ಸೋ, ಪ್ರತಿಯ ಪ್ರತಿಯ ಪ್ರತಿಯಾಗಿ ಸ್ಪೈರಲ್ ಬೈಂಡಿಂಗ್ ಹಾಕಿಸಿಕೊಂಡು ಪರೀಕ್ಷೆಯ ಹಿಂದಿನ ರಾತ್ರಿ ಮಾರಾಟವಾಗುತ್ತದೆ. ಮೂರನೆಯ ಪ್ರತಿಯಲ್ಲೇ ಸೆಮಿಕೋಲನ್ನುಗಳು ಅಳಿಸಿಹೋಗಿರುತ್ತವೆ. ಅವಿಲ್ಲದೆ ಪ್ರೋಗ್ರಾಮ್ ಓಡದಿದ್ದರೆ ಟೋನರ್ ಬದಲಿಸಬೇಕು, ಅಷ್ಟೇ.

ಮಾಲಕರನ್ನು ಬೈಯುವ ಹಾಗೂ ಇಲ್ಲ. ಸಾವಿರ ರೂಪಾಯಿಯ ಪುಸ್ತಕ ತರಿಸಿಟ್ಟರೆ ಮೂವರು ಬಂದು ಬೆಲೆಯ ಫೋಟೊ ತೆಗೆದುಕೊಂಡು, ಅಂಗಡಿಯ ಫ್ಯಾನಿನ ಕೆಳಗೇ ನಿಂತು ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿಕೊಳ್ಳುತ್ತಾರಂತೆ. ನಾಲ್ಕನೆಯವನು ಅವರಿಂದ ಪಿಡಿಎಫ್ ಕೇಳುತ್ತಾನೆ. ಅಷ್ಟರಲ್ಲಿ ಹೊಸ ಆವೃತ್ತಿ ಬಂದಿರುತ್ತದೆ.

"ಒಂದು ಉಳಿದಿದೆ ನೋಡಿ" ಎಂದು ಸ್ಟೂಲ್ ಹತ್ತಿ, ಊದುಬತ್ತಿ ಪೆಟ್ಟಿಗೆಯ ಹಿಂದಿನಿಂದ ದಪ್ಪನೆಯ ಪುಸ್ತಕವೊಂದನ್ನು ತೆಗೆದು ಧೂಳು ಹೊಡೆದರು. ವಿಂಡೋಸ್ ಎಕ್ಸ್‌ಪಿ ಕಲಿಸುವ ಪುಸ್ತಕ. ಮೈಕ್ರೋಸಾಫ್ಟ್ 2014ರಲ್ಲೇ ಎಕ್ಸ್‌ಪಿಯ ಕೈ ಬಿಟ್ಟಿತ್ತು, ಧಾರವಾಡ ಬಿಟ್ಟಿರಲಿಲ್ಲ. ಹಿಂಬದಿಯ ಪ್ಲಾಸ್ಟಿಕ್ ಚೀಲದಲ್ಲಿ ಸಿಡಿ ಹಾಗೇ ಇತ್ತು. ಅದನ್ನು ನುಂಗಲು ನನ್ನ ಲ್ಯಾಪ್‌ಟಾಪಿಗೆ ಬಾಯೇ ಇಲ್ಲ.

"ಎಷ್ಟು?"

"ಹಾಗೇ ಒಯ್ಯಿರಿ ಸರ್. ಅಷ್ಟು ಜಾಗದಲ್ಲಿ ಎರಡು ಪಿಡಿಒ ಗೈಡು ಹಿಡಿಯುತ್ತವೆ."