ತಲೆ ತಗ್ಗಿಸುವುದು ಕೊನೆಯ ಮೆಟ್ಟಿಲು

ಮೆಲ್ಲಗೆ ಮಾತಾಡಿ, ತಲೆ ತಗ್ಗಿಸಿ ನಡೆದರೆ ವಿನಯ ತಾನಾಗಿ ಬರುತ್ತದೆ ಎಂದು ವಿನಯ ಬೆಳೆಸಿಕೊಳ್ಳುವ ಬಗೆಗಿನ ಲೇಖನವೊಂದು ಹೇಳುತ್ತದೆ. ಕ್ರಮ ತಲೆಕೆಳಗಾಗಿದೆ. 6ನೇ ಶತಮಾನದ ಕ್ರೈಸ್ತ ಸಂತ ಬೆನೆಡಿಕ್ಟರು ಸನ್ಯಾಸಿಗಳಿಗಾಗಿ ಬರೆದ ಮಠನಿಯಮದ 7ನೇ ಅಧ್ಯಾಯದಲ್ಲಿ ವಿನಯಕ್ಕೆ 12 ಮೆಟ್ಟಿಲುಗಳಿವೆ. ತಗ್ಗಿದ ತಲೆ ಬರುವುದು 12ನೆಯದರಲ್ಲಿ. ಕೆಟ್ಟ ಆಲೋಚನೆಗಳನ್ನು ಹಿರಿಯರ ಮುಂದೆ ಬಚ್ಚಿಡದೆ ಹೇಳುವುದು 5ನೆಯದರಲ್ಲೇ. ಗೀತೆಯ 13ನೇ ಅಧ್ಯಾಯವೂ ಅಮಾನಿತ್ವದ ಬೆನ್ನಿಗೇ ಅದಂಭಿತ್ವವನ್ನು ಇಡುತ್ತದೆ: ಮಾನ ಬಯಸದಿದ್ದರೆ ಸಾಲದು, ಆ ಬಯಸದಿರುವಿಕೆಯನ್ನೂ ಪ್ರದರ್ಶನಕ್ಕಿಡಬಾರದು.

ಎಡವುವುದು ಬಹುತೇಕ ಇಲ್ಲೇ. ‘ನಾನು ಮಹಾಪಾಪಿ’ ಎನ್ನುವುದು ಸುಲಭ, ಅದಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. ‘ನಿನ್ನೆ ಸಭೆಯಲ್ಲಿ ನಿಮ್ಮ ಮಾತನ್ನು ಅರ್ಧಕ್ಕೇ ತಡೆದೆ, ತಪ್ಪಾಯಿತು’ ಎನ್ನುವಾಗ ಗಂಟಲು ಕಟ್ಟುತ್ತದೆ. ಆ ಕಟ್ಟುವಿಕೆಯೇ ಅಹಂಕಾರ ಕೂತಿರುವ ಜಾಗ. ತಪ್ಪನ್ನು ಹೆಸರಿಟ್ಟು ಹೇಳಿ, ಕಾರಣ ಸೇರಿಸಬೇಡಿ. ‘ಆದರೆ’ ಬಂದ ಕೂಡಲೇ ಕ್ಷಮೆ ವಾದವಾಗುತ್ತದೆ. ಹೊಗಳಿಕೆಗೂ ಹಾಗೇ. ‘ಅಯ್ಯೋ, ನನ್ನದೇನೂ ಇಲ್ಲ’ ಎಂದರೆ ಎದುರಿನವರು ಇನ್ನೊಂದು ಸುತ್ತು ಹೊಗಳಲೇಬೇಕಾಗುತ್ತದೆ. ‘ಧನ್ಯವಾದ’ ಎನ್ನಿ, ಜೊತೆಗೆ ದುಡಿದವರ ಹೆಸರು ಹೇಳಿ, ಮಾತು ಬದಲಿಸಿ.

ಇನ್ನೊಂದು, ಇದು ಆ ಲೇಖನದಲ್ಲಿ ಇರಲೇಬೇಕಿತ್ತು: ದಬ್ಬಾಳಿಕೆ ಸಹಿಸಿಕೊಳ್ಳುವುದು ವಿನಯವಲ್ಲ. ತುಳಿಸಿಕೊಂಡವರಿಗೆ ಇನ್ನಷ್ಟು ತಗ್ಗಲು ಬೋಧಿಸುವುದು ಬೋಧಿಸುವವರ ಅಹಂಕಾರ.