ಹದಿಮೂರು ಡಿಗ್ರಿಯ ಊರಿಗೆ ಒಂದು ಮೌಂಟ್

ಹೊಸ ಟೆಲಿಸ್ಕೋಪ್ ಮೌಂಟ್ (ಆಕಾಶ ತಿರುಗಿದಂತೆ ಕ್ಯಾಮೆರಾವನ್ನೂ ತಿರುಗಿಸುವ ಪೀಠ) ಕೊಂಡ ಸುದ್ದಿ ಹಬ್ಬಿದಂದಿನಿಂದ ಗೆಳೆಯರದು ಒಂದೇ ಪ್ರಶ್ನೆ: ಗೈಡಿಂಗ್ (ಇನ್ನೊಂದು ಕ್ಯಾಮೆರಾದಿಂದ ನಕ್ಷತ್ರವನ್ನು ಗಮನಿಸುತ್ತಾ ಮೌಂಟನ್ನು ತಿದ್ದುತ್ತಿರುವುದು) ಇಲ್ಲದೆ ಎಷ್ಟು ಸೆಕೆಂಡ್ ಎಕ್ಸ್‌ಪೋಷರ್ ಕೊಡಬಹುದು? ಯಾವ ಲೆನ್ಸ್, ಆಕಾಶದ ಯಾವ ಭಾಗ ಎಂದು ಹೇಳದೆ ಕೇಳಿದರೆ ಇದಕ್ಕೆ ಉತ್ತರವಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಯನ್ನು ನಂಬುವವರು ನಂಬಲಿ. ಸಕಲೇಶಪುರದ ಕಾಫಿ ಕಣದಲ್ಲಿ ನಿಲ್ಲಿಸಿ ನೋಡಿದ್ದನ್ನಷ್ಟೇ ನಾನು ಬರೆಯುತ್ತೇನೆ.

ಮೌಂಟಿನ ಅಕ್ಷ ಧ್ರುವನಕ್ಷತ್ರದತ್ತ ಮುಖ ಮಾಡಿರಬೇಕು. ಯೂರೋಪಿನವರ ವಿಡಿಯೊಗಳಲ್ಲಿ ಅದು ಆರಾಮವಾಗಿ ಐವತ್ತು ಡಿಗ್ರಿ ಎತ್ತರದಲ್ಲಿರುತ್ತದೆ. ನಮ್ಮಲ್ಲಿ ಸುಮಾರು ಹದಿಮೂರು. ತೋಟದ ಅಂಚಿನ ಒಂದು ಸಿಲ್ವರ್ ಓಕ್ ಸಾಕು, ಅದು ಕಾಣದಂತಾಗಲು. ಅಕ್ಷವನ್ನು ಅಷ್ಟು ತಗ್ಗಿಸಿದರೆ ಸಮತೂಕಕ್ಕೆ ಹಾಕುವ ಕೌಂಟರ್‌ವೇಟ್ ಸರಳು ಟ್ರೈಪಾಡ್‌ ಕಾಲಿಗೆ ತಗಲುವ ಮಾದರಿಗಳೂ ಇವೆ. ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದು. ಆದರೆ ಮಾರುವವರಿಗೆ ಪ್ರಶ್ನೆಯೇ ಹೊಸದು! ನನ್ನದು ತಗಲುವುದಿಲ್ಲ. ಧ್ರುವ ಕಾಣದಿದ್ದರೆ ದಕ್ಷಿಣದಲ್ಲಿ ಎತ್ತರಕ್ಕೇರಿದ ಒಂದು ನಕ್ಷತ್ರ, ಪೂರ್ವದಲ್ಲಿ ಇನ್ನೊಂದು ಹಿಡಿದು, ಅವು ಜಾರುವ ದಿಕ್ಕು ನೋಡಿ ಅಕ್ಷವನ್ನು ಸರಿಪಡಿಸಬಹುದು. ಐದು ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಎಂದರೆ ಡಿಗ್ರಿಯ 60ರಲ್ಲೊಂದು ಪಾಲು, ಆರ್ಕ್‌ಸೆಕೆಂಡ್ ಅದರ 60ರಲ್ಲೊಂದು ಪಾಲು) ತಪ್ಪು ಉಳಿದರೂ ಒಂದು ನಿಮಿಷದಲ್ಲಿ ನಕ್ಷತ್ರ ಜಾರುವುದು ಹೆಚ್ಚೆಂದರೆ 1.3 ಆರ್ಕ್‌ಸೆಕೆಂಡ್. ಅದಕ್ಕಾಗಿ ರಾತ್ರಿಯೆಲ್ಲ ಒದ್ದಾಡಬೇಕಿಲ್ಲ.

ನಿಜವಾದ ತೊಂದರೆ ಗೇರಿನದು. ಗೇರನ್ನು ತಿರುಗಿಸುವ ತಿರುಪು, ಅಂದರೆ ವರ್ಮ್, ಎಷ್ಟೇ ನಯವಾಗಿದ್ದರೂ ಒಮ್ಮೆ ಮುಂದೆ ಓಡುತ್ತದೆ, ಒಮ್ಮೆ ಹಿಂದೆ ಬೀಳುತ್ತದೆ. ಇದೇ ಪೀರಿಯಾಡಿಕ್ ಎರರ್. 180 ಹಲ್ಲಿನ ಗೇರ್ ಇದ್ದರೆ ವರ್ಮ್‌ನ ಒಂದು ಸುತ್ತಿಗೆ ಸುಮಾರು 479 ಸೆಕೆಂಡ್. ಇದನ್ನು ಕಣ್ಣಾರೆ ಕಾಣುವ ಉಪಾಯವಿದೆ: ಅಕ್ಷವನ್ನು ಬೇಕೆಂದೇ ಸ್ವಲ್ಪ ತಿರುಗಿಸಿ ಹತ್ತು ನಿಮಿಷ ಶಟರ್ ತೆರೆದಿಟ್ಟರೆ ನಕ್ಷತ್ರ ಅಲೆಯಾಕಾರದ ಗೆರೆ ಎಳೆಯುತ್ತದೆ. ಆ ಅಲೆ ಎರಡೂ ಕಡೆ 15 ಆರ್ಕ್‌ಸೆಕೆಂಡ್ ತೂಗಿದರೆ, ಕೆಟ್ಟ ಗಳಿಗೆಯ ಮೂವತ್ತು ಸೆಕೆಂಡಿನಲ್ಲಿ ಸುಮಾರು ಆರು ಆರ್ಕ್‌ಸೆಕೆಂಡ್ ಜಾರುತ್ತದೆ. 3.76 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾದಲ್ಲಿ 135 ಎಂಎಂ ಲೆನ್ಸಿಗೆ ಇದು ಒಂದೇ ಪಿಕ್ಸೆಲ್, 400 ಎಂಎಂಗೆ ಮೂರು. ಮೌಂಟ್ ಅದೇ, ರಾತ್ರಿಯೂ ಅದೇ. ಒಬ್ಬನಿಗೆ ದುಂಡು ನಕ್ಷತ್ರ, ಇನ್ನೊಬ್ಬನಿಗೆ ಅಕ್ಕಿಕಾಳು.

‘ಹಾಗಾದರೆ ಗೈಡಿಂಗ್ ಕ್ಯಾಮೆರಾ ಹಾಕಿಬಿಡಿ’ ಎನ್ನುತ್ತಾರೆ. ಕೌಂಟರ್‌ವೇಟ್ ಬೇಡದ ಹಾರ್ಮೋನಿಕ್ ಡ್ರೈವ್ ಮೌಂಟ್‌ಗಳಿಗೆ ಅದು ಸಾಮಾನ್ಯವಾಗಿ ಬೇಕೇಬೇಕು, ಒಪ್ಪುತ್ತೇನೆ. ಆದರೆ ಆಲೂರು, ಸಕಲೇಶಪುರದ ಕಡೆ ರಾತ್ರಿ ಹೊರಗೆ ನಿಲ್ಲುವವರಿಗೆ ಇನ್ನೊಂದು ಲೆಕ್ಕವಿದೆ: ಆನೆ. ಪಕ್ಕದ ತೋಟದಲ್ಲಿ ಹಿಂಡು ಇಳಿದಿದೆ ಎಂಬ ಸಂದೇಶ ಬಂದಾಗ ಲ್ಯಾಪ್‌ಟಾಪ್, ಗೈಡ್‌ಸ್ಕೋಪ್, ನಾಲ್ಕಾರು ಕೇಬಲ್‌ ಬಿಚ್ಚುತ್ತಾ ಕೂರಲಾಗದು. ಮೌಂಟ್, ಕ್ಯಾಮೆರಾ, ಇಬ್ಬನಿಗೆ ಒಂದು ಹೀಟರ್ ಪಟ್ಟಿ. ಎತ್ತಿಕೊಂಡು ಜೀಪು ಹತ್ತಿದರೆ ಮುಗಿಯಿತು. ಗೈಡಿಂಗ್ ಇಲ್ಲದಿರುವುದು ಬಡತನವಲ್ಲ, ಇಲ್ಲಿನ ಮಟ್ಟಿಗೆ ಅದೇ ಸರಿ. ಸಣ್ಣ ಸಣ್ಣ ಎಕ್ಸ್‌ಪೋಷರ್ ತೆಗೆದು, ಕೆಟ್ಟದ್ದನ್ನು ಎಸೆದು, ಉಳಿದದ್ದನ್ನು ಒಂದರ ಮೇಲೊಂದು ಸೇರಿಸಿ ಸ್ಟ್ಯಾಕ್ ಮಾಡಿದರಾಯಿತು.

ಪರೀಕ್ಷೆಗೆ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿಯ ಕುದುರೆತಲೆ ನೀಹಾರಿಕೆಯನ್ನೇ ಆರಿಸಿಕೊಂಡೆ. ಖಗೋಳ ಸಮಭಾಜಕದ (ಭೂಮಿಯ ಸಮಭಾಜಕದ ನೇರಕ್ಕೆ ಆಕಾಶದಲ್ಲಿ ಎಳೆದಂತಿರುವ ಗೆರೆ) ಹತ್ತಿರವಿರುವುದರಿಂದ ಗೇರಿನ ದೋಷ ಅಲ್ಲಿ ಪೂರ್ತಿ ಬಯಲಾಗುತ್ತದೆ. ಧ್ರುವದ ಬಳಿಯ ಗುರಿ ದೋಷವನ್ನು ಮುಚ್ಚಿಡುತ್ತದೆ. 135 ಎಂಎಂನಲ್ಲಿ ಮೂವತ್ತು ಸೆಕೆಂಡಿನ ಚಿತ್ರಗಳಲ್ಲಿ ಹೆಚ್ಚಿನವು ದುಂಡಗೆ ಬಂದವು. ಅರವತ್ತಕ್ಕೆ ಏರಿಸಿದಾಗ ಒಂದಷ್ಟು ಎಸೆಯಬೇಕಾಯಿತು. ನನಗೆ ತೃಪ್ತಿಯಿದೆ.

ಅರವತ್ತು ಸೆಕೆಂಡಿನ ಚಿತ್ರಗಳಲ್ಲಿ ಚಂದ್ರನ ಅಗಲದ ಅರ್ಧದಷ್ಟಿರುವ ಚಿಕ್ಕ ಗೆರೆಗಳು ಕಂಡರೆ ಮೌಂಟನ್ನು ಬೈಯಬೇಡಿ. ಭೂಸ್ಥಿರ ಉಪಗ್ರಹಗಳ ಸಾಲು ನಮ್ಮ ಅಕ್ಷಾಂಶದಿಂದ ನೋಡಿದರೆ ಖಗೋಳ ಸಮಭಾಜಕಕ್ಕಿಂತ ಎರಡು ಡಿಗ್ರಿಯಷ್ಟು ದಕ್ಷಿಣಕ್ಕೆ, ಸರಿಯಾಗಿ ಕುದುರೆತಲೆಯ ಪಕ್ಕದಲ್ಲೇ ಹಾದುಹೋಗುತ್ತದೆ. ನಾವು ನಕ್ಷತ್ರಗಳ ಜೊತೆ ತಿರುಗುತ್ತೇವೆ, ಅವು ನಿಂತಲ್ಲೇ ನಿಂತಿರುತ್ತವೆ. ಆ ಸಾಲಿನ ಇಸ್ರೊ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರವಿರುವುದು ನಮ್ಮ ಹಾಸನದಲ್ಲೇ.

ಮುಂದಿನ ಅಮಾವಾಸ್ಯೆಗೆ 400 ಎಂಎಂ ಹಾಕಿ ನೋಡುತ್ತೇನೆ. ಬರುವವರು ಮೊದಲೇ ತಿಳಿಸಿ. ಬಿಳಿ ಬೆಳಕಿನ ಟಾರ್ಚ್ ಮಾತ್ರ ತರಬೇಡಿ.